ಬೇಲಿಯ ಬುಡ

ಹೊಲದ ನಡುವೆ ಹುಟ್ಟಿದ ಕಳೆ ರೈತನ ಕಣ್ಣಿಗೆ ಬೇಗನೆ ಬೀಳುತ್ತದೆ. ಕುಂಟೆ ಹೊಡೆಯುವಾಗ ಅದರ ಬಹುಭಾಗ ಕಿತ್ತುಹೋಗುತ್ತದೆ. ಉಳಿದುದು ಕಳೆ ತೆಗೆಯುವವರ ಕೈಗೆ ಸಿಕ್ಕುತ್ತದೆ. ಬೇಲಿಯ ಬುಡದ ಸ್ಥಿತಿ ಹಾಗಲ್ಲ. ಅಲ್ಲಿಗೆ ನೇಗಿಲು ಮುಟ್ಟುವುದಿಲ್ಲ. ಮುಳ್ಳಿಗೆ ಅಂಜಿ ಕೈಯೂ ಹೋಗುವುದಿಲ್ಲ. ಅದು ಆಚೆಯವನದೆಂದು ಈಚೆಯವನೂ, ಈಚೆಯವನದೆಂದು ಆಚೆಯವನೂ ಬಿಟ್ಟುಬಿಡುತ್ತಾರೆ. ಒಂದು ಮೊಳ ಅಗಲದ ಆ ನೆಲದಲ್ಲಿ ಕಳೆಯು ನಿಶ್ಚಿಂತೆಯಿಂದ ಬೆಳೆದು, ಬೀಜ ಚೆಲ್ಲಿ, ಎರಡು ಹೊಲಗಳನ್ನೂ ಹೊಗುತ್ತದೆ.

ಸಂಡೂರು ತಾಲ್ಲೂಕಿನ ದರೋಜಿ ಮಳೆ ಕಡಿಮೆಯಾದ ಸೀಮೆಯಲ್ಲಿದೆ. ಅದರ ಸಮೀಪದ ಕಲ್ಲುಗುಡ್ಡಗಳ ಕುರುಚಲು ಕಾಡನ್ನು 1994ರಲ್ಲಿ ಕರಡಿಧಾಮವೆಂದು ಘೋಷಿಸಲಾಯಿತು. ಕಾಡಿನ ಮಗ್ಗುಲಲ್ಲೇ ಹೊಲ ತೋಟಗಳಿರುವ ಇಂತಹ ಕಡೆ ಬೇಲಿಯಿಲ್ಲದೆ ಬೆಳೆಯಿಲ್ಲ. ಆದರೆ ಬೇಲಿ ಯಾವ ಗಿಡದ್ದು, ಅದರ ಬುಡದಲ್ಲಿ ಏನು ಬೆಳೆದಿದೆ ಎಂಬುದನ್ನು ನೋಡುತ್ತಿರಬೇಕು.

ಬಳ್ಳಾರಿ ಜಾಲಿಯ ಕಥೆಯೇ ಇದಕ್ಕೆ ಸಾಕ್ಷಿ. ಹೆಸರು ಬಳ್ಳಾರಿಯದಾದರೂ ಅದರ ತವರು ಮೆಕ್ಸಿಕೋ ಮತ್ತು ದಕ್ಷಿಣ ಅಮೆರಿಕದ ಕಡೆಯ ಒಣನೆಲ. 1877ರಲ್ಲಿ ಅದು ಭಾರತಕ್ಕೆ ಬಂದಿತು. ಬರವನ್ನು ತಾಳಿ ಬದುಕುವ ಈ ಗಿಡ ಸೌದೆಯಾಯಿತು, ಇದ್ದಿಲಾಯಿತು, ಮುಳ್ಳುಬೇಲಿಯಾಯಿತು. ಆದರೆ ಅದರ ಸಿಹಿಯಾದ ಕಾಯಿಗಳನ್ನು ತಿಂದ ದನಕುರಿಗಳು ಸಗಣಿ ಹಿಕ್ಕೆಗಳ ಮೂಲಕ ಬೀಜವನ್ನು ಎಲ್ಲೆಡೆ ಬಿತ್ತಿದವು. ಕಡಿದರೆ ಮೋಟಿನಿಂದ ಮತ್ತೆ ಚಿಗುರುವ ಜಾಲಿ, ಪಾಳುಬಿದ್ದ ಹೊಲಗಳನ್ನೂ ಕೆರೆಯಂಗಳಗಳನ್ನೂ ಆಕ್ರಮಿಸಿತು. ಬೇಲಿಯೇ ಎದ್ದು ಹೊಲ ಮೇಯ್ದಿತೆಂಬ ಗಾದೆ ಇಲ್ಲಿ ಅಕ್ಷರಶಃ ನಿಜವಾಯಿತು.

ಜಾಲಿಯಂತೆ ಎದ್ದು ಕಾಣದ ಇನ್ನೊಂದು ವೈರಿ ಪಾರ್ಥೇನಿಯಂ. ಜನರು ಇದನ್ನು ಕಾಂಗ್ರೆಸ್ ಗಿಡವೆನ್ನುತ್ತಾರೆ. ಮೊಳೆತ ಒಂದೆರಡು ತಿಂಗಳೊಳಗೇ ಇದು ಬಿಳಿಯ ಹೂ ಬಿಡುತ್ತದೆ. ಒಂದೇ ಗಿಡ ಸಾವಿರಾರು ಬೀಜಗಳನ್ನು ಉದುರಿಸಬಲ್ಲುದು. ಇದರ ಸೋಂಕಿನಿಂದ ಕೆಲವರಿಗೆ ಚರ್ಮದ ತುರಿಕೆ, ಉಬ್ಬಸಗಳು ಬರುತ್ತವೆ.

ಬೇಲಿಯ ಕಳೆ ಬೆಳೆಗೆ ಏನು ಮಾಡೀತೆಂದು ಕೇಳುವವರಿಗೆ ನೆರೆಯ ಅನಂತಪುರ ಜಿಲ್ಲೆಯ ಅನುಭವ ಉತ್ತರ ಹೇಳುತ್ತದೆ. 2000ದಲ್ಲಿ ಅಲ್ಲಿ ಸುಮಾರು 2,25,000 ಹೆಕ್ಟೇರ್ ನೆಲಗಡಲೆಗೆ ಕಾಂಡ ಒಣಗುವ ರೋಗ ತಗುಲಿತು. 300 ಕೋಟಿ ರೂಪಾಯಿಗಿಂತ ಹೆಚ್ಚು ನಷ್ಟವಾಯಿತೆಂದು ಅಂದಾಜು ಮಾಡಲಾಯಿತು. ರೋಗಕ್ಕೆ ಕಾರಣವಾದ ವೈರಸ್ಸಿಗೆ ಆಶ್ರಯವಿತ್ತುದು ಹೊಲದಂಚಿನ ಪಾರ್ಥೇನಿಯಂ. ವೈರಸ್ಸು ಒಳಗಿದ್ದರೂ ಆ ಗಿಡ ಬಾಡುವುದಿಲ್ಲ, ಹಸುರಾಗಿಯೇ ನಿಂತಿರುತ್ತದೆ. ಅದರ ಹೂವಿನ ಪರಾಗದಲ್ಲಿ ವೈರಸ್ಸು ಸೇರಿರುತ್ತದೆ. ಥ್ರಿಪ್ಸ್ ಎಂಬ ಸಣ್ಣ ನುಸಿಗಳು ಆ ಪರಾಗವನ್ನು ಮೈಗಂಟಿಸಿಕೊಂಡು ನೆಲಗಡಲೆಯ ಎಲೆಗೆ ಬರುತ್ತವೆ. ಅವು ಎಲೆಯನ್ನು ಕೆರೆದ ಗಾಯದೊಳಗೆ ವೈರಸ್ಸು ನುಸುಳುತ್ತದೆ. ಹೀಗೆ ಹೊಲದ ಹೊರಗೆ ಉಳಿದ ಕಳೆ ಹೊಲದ ಒಳಗಿನ ಪೈರನ್ನು ಕೊಂದಿತು.

ಇದನ್ನು ತಡೆಯುವ ಕೆಲಸ ಕಠಿನವಲ್ಲ. ಹೊತ್ತು ಮೀರಬಾರದು, ಅಷ್ಟೆ. ಮಳೆ ಬಿದ್ದು ನೆಲ ಹಸಿಯಾಗಿರುವಾಗ, ಹೂ ಬಿಡುವ ಮುನ್ನ, ಪಾರ್ಥೇನಿಯಂ ಗಿಡವನ್ನು ಬೇರುಸಹಿತ ಕೀಳಬೇಕು. ಕೈಗೆ ಚೀಲವನ್ನೋ ದಪ್ಪ ಬಟ್ಟೆಯನ್ನೋ ಸುತ್ತಿಕೊಳ್ಳಬೇಕು. ಜಾಲಿಯ ಸಸಿಯನ್ನು ಎಳೆಯದರಲ್ಲೇ ಗುದ್ದಲಿಯಿಂದ ಬುಡಸಮೇತ ಅಗೆಯಬೇಕು. ಹೊಲದ ಸುತ್ತ ಕೆಲವು ಸಾಲು ಜೋಳವನ್ನೋ ಸಜ್ಜೆಯನ್ನೋ ಒತ್ತಾಗಿ ಬಿತ್ತಿದರೆ, ಗಾಳಿಯಲ್ಲಿ ತೇಲಿಬರುವ ನುಸಿಗಳಿಗೆ ಅದು ತಡೆಯಾಗುತ್ತದೆ. ಬೇಲಿಗೆ ಬೆಂಕಿಯಿಡುವುದು ಮಾತ್ರ ತರವಲ್ಲ. ಕಾಡಿನ ಅಂಚಿನಲ್ಲಿ ಹಚ್ಚಿದ ಕಿಡಿ ಕಾಡನ್ನೇ ಸುಟ್ಟೀತು.

ಬೇಲಿಯಲ್ಲಿರುವುದೆಲ್ಲ ಕಳೆಯೂ ಅಲ್ಲ. ಕವಳೆ, ಬಾರೆಗಳು ಮುಳ್ಳಿನಿಂದ ಹೊಲವನ್ನು ಕಾಯುತ್ತವೆ. ಹಣ್ಣಿನಿಂದ ಮಕ್ಕಳನ್ನೂ ಹಕ್ಕಿಗಳನ್ನೂ ತಣಿಸುತ್ತವೆ. ಕಾಯುವುದು ಯಾವುದು, ಕಬಳಿಸುವುದು ಯಾವುದು ಎಂದು ಅರಿತು ಕುಡುಗೋಲು ಹಿಡಿಯುವುದೇ ಜಾಣತನ.

ಬೇಲಿ ಎರಡು ಹೊಲಗಳನ್ನು ಬೇರ್ಪಡಿಸುತ್ತದೆ. ಬೇಲಿಯ ಕಳೆ ಎರಡಕ್ಕೂ ಸಮನಾಗಿ ಹಬ್ಬುತ್ತದೆ. ಒಬ್ಬನು ತನ್ನ ಮಗ್ಗುಲನ್ನಷ್ಟೇ ಹಸನು ಮಾಡಿದರೆ ಮರುವರ್ಷ ಆಚೆಯ ಬೀಜ ಈಚೆ ಮೊಳೆಯುತ್ತದೆ. ನೆರೆಹೊರೆಯವರಿಬ್ಬರೂ ಒಂದು ದಿನ ಗೊತ್ತುಮಾಡಿಕೊಂಡು ಬೇಲಿಯ ಎರಡು ಬದಿಗಳಲ್ಲಿ ಬಗ್ಗಿ ದುಡಿದರೆ, ಇಬ್ಬರ ಬೆಳೆಯೂ ಉಳಿದೀತು.