ಚದುರಂಗ ಪಾಠ: ನಡೆಯ ಜೊತೆಗೆ ಕಾರಣವನ್ನೂ ಕಲಿಯೋಣ



ಚದುರಂಗ ಕಲಿಯಲು ಹೊರಟ ಅನೇಕರು ಯಾವುದಾದರೊಂದು ಆರಂಭದ ಏಳೆಂಟು ನಡೆಗಳನ್ನು ಬಾಯಿಪಾಠ ಮಾಡಿಕೊಳ್ಳುತ್ತಾರೆ. ಎದುರಾಳಿ ಬೇರೆ ನಡೆ ಆಡಿದ ಕೂಡಲೇ ಕಂಗಾಲಾಗುತ್ತಾರೆ. ಹಾಗಾದರೆ ಒಂದು ಆರಂಭವನ್ನು ಕಲಿಯುವುದು ಹೇಗೆ? ಇಟಾಲಿಯನ್ ಆಟವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಪಕ್ಕದಲ್ಲಿ ಬೋರ್ಡ್ ಇಟ್ಟುಕೊಂಡು ಓದಿ.

ಆರಂಭದ ನಡೆಗಳು

1. ಬಿಳಿ: ಕಾಲಾಳು ಇ4. ಕರಿ: ಕಾಲಾಳು ಇ5.
2. ಬಿಳಿ: ಕುದುರೆ ಎಫ್3. ಕರಿ: ಕುದುರೆ ಸಿ6.
3. ಬಿಳಿ: ಒಂಟೆ, ಅಂದರೆ ಬಿಷಪ್, ಸಿ4.

ಕಾಲಾಳುಗಳು ಬೋರ್ಡಿನ ನಡುವಿನ ಜಾಗ ಹಿಡಿದವು. ಬಿಳಿಯ ಕುದುರೆ ಇ5 ಕಾಲಾಳಿನ ಮೇಲೆ ಕಣ್ಣಿಟ್ಟಿತು, ಕರಿಯ ಕುದುರೆ ಅದನ್ನು ಕಾಯಿತು. ಬಿಳಿಯ ಒಂಟೆಯ ಗುರಿ ಎಫ್7. ಆ ಮನೆಗೆ ಕರಿಯ ರಾಜನೊಬ್ಬನೇ ಕಾವಲು. ಈ ಒಂದು ಅಂಶ ತಿಳಿದರೆ ಮುಂದಿನ ನಡೆಗಳು ತಾವಾಗಿಯೇ ಅರ್ಥವಾಗುತ್ತವೆ.

ಕರಿ ಕುದುರೆಯನ್ನು ಎಫ್6ಕ್ಕೆ ತಂದರೆ

ಇದಕ್ಕೆ ಎರಡು ಕುದುರೆಗಳ ರಕ್ಷಣೆ ಎಂದು ಹೆಸರು. ಈಗ ಬಿಳಿಯ ಕುದುರೆ ಜಿ5ಕ್ಕೆ ಹಾರಬಹುದು. ಒಂಟೆ ಮತ್ತು ಕುದುರೆ ಎರಡೂ ಎಫ್7ರ ಮೇಲೆ ಬೀಳಲು ಸಿದ್ಧ. ಒಂಟೆಯ ದಾರಿ ಮುಚ್ಚಲು ಕರಿ ಡಿ5 ಆಡುತ್ತದೆ. ಬಿಳಿಯ ಕಾಲಾಳು ಅದನ್ನು ಹೊಡೆಯುತ್ತದೆ. ಇಲ್ಲಿ ಹೊಸಬರು ಕುದುರೆಯಿಂದ ಡಿ5 ಕಾಲಾಳನ್ನು ಹೊಡೆದುಬಿಡುತ್ತಾರೆ. ಆಗ ಬಿಳಿಯ ಕುದುರೆ ಎಫ್7ರಲ್ಲಿ ಬಲಿಯಾಗಿ ರಾಜನನ್ನು ಹೊರಗೆಳೆಯುತ್ತದೆ. ಮಂತ್ರಿ ಎಫ್3ಕ್ಕೆ ಬಂದು ರಾಜನಿಗೆ ಚೆಕ್ ಕೊಡುತ್ತಲೇ ಡಿ5ರ ಕುದುರೆಯನ್ನೂ ಕೆಣಕುತ್ತದೆ. ಕುದುರೆಯನ್ನು ಉಳಿಸಿಕೊಳ್ಳಲು ರಾಜ ಇ6ಕ್ಕೆ, ಬೋರ್ಡಿನ ನಡುವಿಗೇ ಬರಬೇಕಾಗುತ್ತದೆ. ಇದೇ 'ಫ್ರೈಡ್ ಲಿವರ್' ದಾಳಿ.

ಕರಿಗೆ ಸುರಕ್ಷಿತ ದಾರಿ, ಸಿ6ರ ಕುದುರೆಯನ್ನು ಎ5ಕ್ಕೆ ತಂದು ಒಂಟೆಯನ್ನು ಓಡಿಸುವುದು. ಒಂದು ಕಾಲಾಳು ಹೋಗುತ್ತದೆ, ಆದರೆ ಕರಿಯ ಕಾಯಿಗಳು ಬೇಗ ಹೊರಬರುತ್ತವೆ.

ಕರಿ ಒಂಟೆಯನ್ನು ಸಿ5ಕ್ಕೆ ತಂದರೆ

ಈಗಲೂ ಕುದುರೆಯನ್ನು ಜಿ5ಕ್ಕೆ ಹಾರಿಸಬಹುದೇ? ಬಾಯಿಪಾಠ ಮಾಡಿದವರು ಹಾರಿಸುತ್ತಾರೆ, ಕುದುರೆಯನ್ನು ಕಳೆದುಕೊಳ್ಳುತ್ತಾರೆ. ಹಿಂದಿನ ಆಟದಲ್ಲಿ ಎಫ್6ರ ಕುದುರೆ ಕರಿಯ ಮಂತ್ರಿಯ ದಾರಿಗೆ ಅಡ್ಡವಾಗಿತ್ತು. ಇಲ್ಲಿ ಆ ದಾರಿ ತೆರೆದಿದೆ. ಮಂತ್ರಿ ನೇರವಾಗಿ ಜಿ5ಕ್ಕೆ ಬಂದು ಕುದುರೆಯನ್ನು ಹೊಡೆಯುತ್ತದೆ. ಬಿಳಿ ಆಡಿದ್ದು ಅದೇ ನಡೆ, ಫಲ ಮಾತ್ರ ತಿರುಗುಮುರುಗು. ಇಲ್ಲಿ ಸಿ3 ಅಥವಾ ಡಿ3 ಆಡಿ, ಕ್ಯಾಸಲಿಂಗ್ ಮಾಡಿ ನಿಧಾನವಾಗಿ ಬೆಳೆಯುವುದು ಸರಿ.

ಅಭ್ಯಾಸ ಹೇಗೆ?

• ಒಂದು ಆರಂಭವನ್ನಷ್ಟೇ ಆರಿಸಿಕೊಳ್ಳಿ. ಅದನ್ನು ಬಿಳಿಯಿಂದಲೂ ಕರಿಯಿಂದಲೂ ಆಡಿ.
• ಎದುರಾಳಿಯ ಪ್ರತಿ ನಡೆಗೂ "ಇದರಿಂದ ಯಾವ ಮನೆಗೆ ಅಪಾಯ? ಯಾವ ದಾರಿ ತೆರೆಯಿತು?" ಎಂದು ಕೇಳಿಕೊಳ್ಳಿ.
• ಆಡಿದ ಆಟವನ್ನು ಬರೆದಿಡಿ. ಸೋತರೆ, ಎಲ್ಲಿ ದಾರಿ ತಪ್ಪಿತೆಂದು ಗೆಳೆಯರೊಡನೆ ಕುಳಿತು ಹುಡುಕಿ.

ಗೈಡ್‌ನ ಉತ್ತರ ಕಂಠಪಾಠ ಮಾಡಿದವರಿಗೆ ಪ್ರಶ್ನೆ ಸ್ವಲ್ಪ ತಿರುಚಿ ಬಂದರೂ ಕಷ್ಟ. ಸೂತ್ರ ಅರ್ಥಮಾಡಿಕೊಂಡವರು ಹೇಗಾದರೂ ದಾರಿ ಕಂಡುಕೊಳ್ಳುತ್ತಾರೆ. ಚದುರಂಗದಲ್ಲೂ ಅಷ್ಟೇ.

ನಿಮಗೊಂದು ಪ್ರಶ್ನೆ: ಮೂರನೇ ನಡೆಯಲ್ಲಿ ಕರಿ ಎಚ್6 ಆಡಿದರೆ ಬಿಳಿಯ ಕುದುರೆ ಜಿ5ಕ್ಕೆ ಹೋಗಲಾರದು. ಆದರೆ ಅದಕ್ಕಾಗಿ ಕರಿ ಕಳೆದುಕೊಂಡದ್ದೇನು? ಬೋರ್ಡಿನ ಮುಂದೆ ಕುಳಿತು ಯೋಚಿಸಿ.