ನಮ್ಮೂರಿಗೆ ಬರುವ ಕಡಲ ಮೀನು – ಬೂತಾಯಿ

ಸ್ನೇಹಿತರೇ, ನಮ್ಮ ಹುಣಸೂರು ತಾಲ್ಲೂಕಿಗೆ ಸಮುದ್ರವಿಲ್ಲ. ಇರುವುದು ಲಕ್ಷ್ಮಣತೀರ್ಥ ಹೊಳೆ ಮತ್ತು ಕೆರೆಗಳು. ಆದರೂ ಕಡಲ ಮೀನು ನಮ್ಮ ಬೀದಿಗೆ ಬರುತ್ತದೆ. ಏಕೆಂದರೆ ಮಂಗಳೂರಿನಿಂದ ಮೈಸೂರಿಗೆ ಹೋಗುವ ರಸ್ತೆ ಮಡಿಕೇರಿ ಇಳಿದು, ಪಿರಿಯಾಪಟ್ಟಣ ತಾಲ್ಲೂಕು ದಾಟಿ ಹುಣಸೂರಿನ ಮೇಲೆಯೇ ಹೋಗುತ್ತದೆ. ನಮ್ಮಪ್ಪ ಐಸ್ ಹಾಕಿದ ಮೀನು ತಂದು ಟಿ.ವಿ.ಎಸ್. ಗಾಡಿಯಲ್ಲಿ ಹಳ್ಳಿ ಮೇಲೆ ಮಾರುತ್ತಾರೆ. ಅವರು ತರುವುದರಲ್ಲಿ ಅಗ್ಗದ್ದು ಬೂತಾಯಿ.

ಹೆಸರು ಮತ್ತು ರೂಪ: ಇದನ್ನು ಕಾರವಾರದ ಕಡೆ ತಾರ್ಲೆ, ಕೇರಳದಲ್ಲಿ ಮತ್ತಿ ಎನ್ನುತ್ತಾರೆ. ವೈಜ್ಞಾನಿಕ ಹೆಸರು ಸಾರ್ಡಿನೆಲ್ಲಾ ಲಾಂಗಿಸೆಪ್ಸ್. ಲಾಂಗಿಸೆಪ್ಸ್ ಎಂದರೆ ಉದ್ದ ತಲೆಯದು. ಬೆನ್ನು ನೀಲಿ-ಹಸಿರು, ಹೊಟ್ಟೆ ಬೆಳ್ಳಿಯ ಬಣ್ಣ. ಮೇಲಿನಿಂದ ನೋಡುವ ಹಕ್ಕಿಗೆ ನೀರಿನಂತೆಯೂ, ಕೆಳಗಿನಿಂದ ನೋಡುವ ದೊಡ್ಡ ಮೀನಿಗೆ ಬೆಳಕಿನಂತೆಯೂ ಕಾಣುತ್ತದೆ.

ಆಹಾರ: ಇದರ ಕಿವಿರಿನಲ್ಲಿ ಬಾಚಣಿಗೆ ಹಲ್ಲಿನಂತಹ ಎಳೆಗಳು ಒತ್ತೊತ್ತಾಗಿವೆ. ಬಾಯಿಗೆ ಬಂದ ನೀರನ್ನು ಅದು ಜರಡಿಯಂತೆ ಸೋಸುತ್ತದೆ. ಉಳಿಯುವುದು ಡಯಾಟಮ್ ಎಂಬ ಅತಿ ಸಣ್ಣ ಸಸ್ಯಗಳು ಮತ್ತು ಸಣ್ಣ ಜೀವಿಗಳು. ಮುಂಗಾರಿನ ಕಾಲದಲ್ಲಿ ಕಡಲ ಆಳದ ತಣ್ಣೀರು ಮೇಲಕ್ಕೆ ಬಂದು ಗೊಬ್ಬರದ ಅಂಶ ತರುತ್ತದೆ. ಆಗ ಡಯಾಟಮ್ ಹೆಚ್ಚುತ್ತದೆ. ನಮ್ಮ ಹೊಲಕ್ಕೆ ಮಳೆ ತರುವ ಮುಂಗಾರೇ ಬೂತಾಯಿಗೂ ಮೇವು ಬೆಳೆಸುತ್ತದೆ!

ಸಂತಾನ: ಮುಖ್ಯವಾಗಿ ಮುಂಗಾರಿನಲ್ಲೇ ಮೊಟ್ಟೆ ಇಡುತ್ತದೆ. ಮೊಟ್ಟೆ ನೀರಿನಲ್ಲಿ ತೇಲಿ, ಸುಮಾರು ಒಂದು ದಿನದಲ್ಲಿ ಮರಿಯಾಗುತ್ತದೆ. ಒಂದು ವರ್ಷಕ್ಕೆ ಸುಮಾರು 15 ಸೆಂ.ಮೀ. ಬೆಳೆದು ತಾನೂ ಮೊಟ್ಟೆ ಇಡುವಂತಾಗುತ್ತದೆ. ಆಯಸ್ಸು ಸುಮಾರು ಎರಡೂವರೆ ವರ್ಷ ಅಷ್ಟೆ.

ಉಪಯೋಗ: ಬಡವರಿಗೆ ಒಳ್ಳೆಯ ಪ್ರೋಟೀನು, ಕೊಬ್ಬಿನಂಶ ಕೊಡುತ್ತದೆ. ಇದರ ಎಣ್ಣೆಯನ್ನು ಮರದ ದೋಣಿಗೆ ಬಳಿಯುತ್ತಿದ್ದರು. ಎಣ್ಣೆ ತೆಗೆದು ಉಳಿದದ್ದು ತೋಟಕ್ಕೆ ಗೊಬ್ಬರ. ಈಗ ಮೀನಿನ ಪುಡಿ ಮಾಡಿ ಕೋಳಿ ಮತ್ತು ಸಾಕಣೆ ಮೀನಿನ ಆಹಾರಕ್ಕೂ ಹಾಕುತ್ತಾರೆ.

ಕೊರತೆ: ಮೊದಲು ಕರಾವಳಿಯಲ್ಲಿ ಊರ ಜನರೆಲ್ಲ ಸೇರಿ ದಡದಿಂದ ರಂಪಣಿ ಬಲೆ ಎಳೆಯುತ್ತಿದ್ದರು. 1970ರ ದಶಕದಲ್ಲಿ ಯಂತ್ರದ ದೋಣಿಯಿಂದ ಸುತ್ತು ಹಾಕುವ ದೊಡ್ಡ ಬಲೆಗಳು ಬಂದವು. ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಲೆಕ್ಕದಂತೆ, ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು ಸುಮಾರು 3,300 ಟನ್ ಮಾತ್ರ. ಕಡಲಿನ ಹವಾಮಾನ ಬದಲಾದದ್ದೂ ಕಾರಣ, ಮರಿಗಳನ್ನು ಹಿಡಿದದ್ದೂ ಕಾರಣ. ಕೇರಳ ಸರ್ಕಾರ 2015ರಲ್ಲೇ 10 ಸೆಂ.ಮೀ.ಗಿಂತ ಸಣ್ಣ ಬೂತಾಯಿ ಹಿಡಿಯಬಾರದೆಂದು ನಿಯಮ ಮಾಡಿತು. ನಮ್ಮ ರಾಜ್ಯದಲ್ಲಿ ಜೂನ್, ಜುಲೈ ತಿಂಗಳು ಯಾಂತ್ರಿಕ ದೋಣಿಗಳಿಗೆ ರಜೆ.

ನಾನು ಮಾಡಿದ ಪರೀಕ್ಷೆ: ಕಂಪಾಸ್ ಪೆಟ್ಟಿಗೆಯ ಸ್ಕೇಲು 15 ಸೆಂ.ಮೀ. ಇರುತ್ತದಲ್ಲ, ಅದರಿಂದ ಅಪ್ಪ ತಂದ 20 ಬೂತಾಯಿಗಳನ್ನು ಅಳೆದೆ. 13 ಮೀನು ಸ್ಕೇಲಿಗಿಂತ ಗಿಡ್ಡ. ಅಂದರೆ ಅವು ಒಂದು ಸಲವೂ ಮೊಟ್ಟೆ ಇಟ್ಟಿರಲಾರವು. ಅಪ್ಪನಿಗೆ ಹೇಳಿದೆ. "ನಾನ್ ತರ್ದೇ ಇದ್ರೆ ಇನ್ನೊಬ್ಬ ತತ್ತಾನೆ ಕಣ್ ಮಗ. ಜನ ಅಗ್ಗದ್ದೇ ಕೇಳೋದು" ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ನನ್ನ ಪುಸ್ತಕ, ಬಟ್ಟೆಯೂ ಆ ಮೀನಿನ ದುಡ್ಡಿನಿಂದಲೇ ತಾನೇ?

ಆದರೆ ಹೋದ ವಾರ ಅಪ್ಪ ಸಣ್ಣ ಮೀನಿನ ಪೆಟ್ಟಿಗೆ ಬಿಟ್ಟು ದೊಡ್ಡ ಮೀನು ತಂದರು. ರೇಟು ಜಾಸ್ತಿ ಅಂತ ಎರಡು ಕೆ.ಜಿ. ಉಳಿಯಿತು. ಅವ್ವ ಸಾರು ಮಾಡಿದಳು, ಮುದ್ದೆ ಜೊತೆ ಉಂಡೆವು. ದಿನವೂ ಹೀಗೆ ಉಳಿದರೆ ನಮ್ಮ ಮನೆ ನಡೆಯುವುದಿಲ್ಲ.

ಆದ್ದರಿಂದ ಸ್ನೇಹಿತರೇ, ನಿಮ್ಮ ಮನೆಯಲ್ಲಿ ಮೀನು ಕೊಳ್ಳುವಾಗ ನೀವೂ ಒಮ್ಮೆ ಸ್ಕೇಲು ಹಿಡಿದು ನೋಡಿ. ದೊಡ್ಡದನ್ನೇ ಕೇಳಿ ತೆಗೆದುಕೊಳ್ಳಿ. ಕೇಳುವವರಿದ್ದರೆ ಅಪ್ಪನೂ ಅದನ್ನೇ ತರುತ್ತಾರೆ.

– 9ನೇ ತರಗತಿಯ ವಿದ್ಯಾರ್ಥಿನಿ