ಮಾಳಿಗಿ ಮೇಲೆ ಗಿಟಾರ್: ‘ಅಂತರಾಗ್ನಿ’ ಮತ್ತು ನಮ್ಮ ಕಡೆಯ ತತ್ವಪದ

ಕಾಲೇಜ್ ಫೆಸ್ಟ್‌ಗಳಲ್ಲಿ ಯಾವ ಬ್ಯಾಂಡ್ ಸ್ಟೇಜ್ ಹತ್ತಿದರೂ ಕೊನೆಗೆ ಒಂದು ಕನ್ನಡ ಹಾಡು ಬಂದೇ ಬರುತ್ತೆ. ಬಹಳ ಸಲ ಅದು ಶಿಶುನಾಳ ಶರೀಫರದ್ದು. ಮುಂದೆ ಗಿಟಾರ್, ಹಿಂದೆ ಡ್ರಮ್ಸ್, ಪಂಚೆ ಮೇಲೆತ್ತಿ ಕಟ್ಟಿದ ಹಾಡುಗಾರ. ಈ ರೂಢಿ ಗಟ್ಟಿಯಾದದ್ದು ಯಾವಾಗ ಅಂತ ನೋಡಿದರೆ 2008ಕ್ಕೆ ಹೋಗಬೇಕು. ಆ ವರ್ಷ ‘ದಿ ರಘು ದೀಕ್ಷಿತ್ ಪ್ರಾಜೆಕ್ಟ್’ ಬ್ಯಾಂಡಿನ ಮೊದಲ ಆಲ್ಬಂ ಬಂತು. ನಾವೆಲ್ಲ ಆಗ ತೊಟ್ಟಿಲಿನಿಂದ ಇಳಿದಿದ್ದೆವು ಅಷ್ಟೇ.

ಬ್ಯಾಂಡಿನ ಕಥೆ ಚಿಕ್ಕದಾಗಿ ಹೇಳ್ತೀನಿ. ರಘು ದೀಕ್ಷಿತ್ ಮೈಸೂರಲ್ಲಿ ಬೆಳೆದವರು, ಓದಿದ್ದು ಮೈಕ್ರೋಬಯಾಲಜಿ, ಕಲಿತದ್ದು ಭರತನಾಟ್ಯ. 1998ರಲ್ಲಿ ‘ಅಂತರಾಗ್ನಿ’ ಅನ್ನೋ ಬ್ಯಾಂಡ್ ಕಟ್ಟಿದರು. ಮುಂದೆ ಅದೇ ಹೆಸರು ಆಲ್ಬಂಗೆ ಬಂತು. ಅದನ್ನ ಹೊರಗೆ ತಂದವರು ಹಿಂದಿ ಸಿನಿಮಾ ಸಂಗೀತದ ವಿಶಾಲ್-ಶೇಖರ್ ಜೋಡಿ. ಅದೇ ವರ್ಷ ‘ಸೈಕೋ’ ಸಿನಿಮಾದ ಮಹದೇಶ್ವರನ ಹಾಡು ಆಟೋ, ಬಸ್ಸು ಎಲ್ಲಾ ಕಡೆ ಕೇಳಿಸ್ತು. 2011ರಲ್ಲಿ ಬ್ಯಾಂಡ್ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಹಾಡಿತು. ಈಗ ನಮ್ಮ ಬ್ಯಾಚಿನವರ ಪ್ಲೇಲಿಸ್ಟ್‌ನಲ್ಲಿ ಇದು ‘ಸೀನಿಯರ್ಸ್ ಕಾಲದ್ದು’.

ಆಲ್ಬಂನಲ್ಲಿ ಹಿಂದಿ ಇದೆ, ಇಂಗ್ಲಿಷ್ ಇದೆ. ಕನ್ನಡದ ಪಾಲಿಗೆ ಬಂದದ್ದು ಶರೀಫರ ‘ಗುಡುಗುಡಿಯಾ ಸೇದಿ ನೋಡೋ’ ಮತ್ತು ‘ಸೋರುತಿಹುದು ಮನೆಯ ಮಾಳಿಗಿ’. ಶರೀಫರನ್ನ ಊರೂರಿಗೆ ಮುಟ್ಟಿಸಿದ ಕೆಲಸವನ್ನ ಸಿ. ಅಶ್ವಥ್ ಅವರು ಮೊದಲೇ ಮಾಡಿದ್ದರು. 1990ರ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಸಿನಿಮಾದ ಸಂಗೀತವೂ ಅವರದ್ದೇ. ರಾಕ್ ಬ್ಯಾಂಡ್ ಮಾಡಿದ್ದು ಬೇರೆ ಕೆಲಸ: ಇಂಗ್ಲಿಷ್ ಮೀಡಿಯಂ ಹುಡುಗರ ಇಯರ್‌ಫೋನ್ ಒಳಗೆ ಪದವನ್ನ ಕಳಿಸಿತು. ಇದು ಸಣ್ಣದು ಅಂತ ನಾನು ಹೇಳಲ್ಲ.

ಆದರೆ ಆ ‘ಮಾಳಿಗಿ’ ಅಂದ್ರೆ ಏನು? ಬೆಂಗಳೂರಿನ ಗೆಳೆಯರು ಮಹಡಿ ಅಂತಾರೆ. ಸೇಡಂ, ಚಿತ್ತಾಪುರ, ಶಹಾಬಾದ್ ಕಡೆ ಹಳೇ ಮನೆಯಲ್ಲಿ ಬೆಳೆದವರಿಗೆ ಇದನ್ನ ಬಿಡಿಸಿ ಹೇಳೋದು ಬೇಕಿಲ್ಲ. ತೊಲೆ, ಜಂತಿ, ಅದರ ಮೇಲೆ ಹಲಗೆ ಅಥವಾ ಫರಸಿ, ಅದರ ಮೇಲೆ ಮಣ್ಣು. ಮಳೆಗಾಲಕ್ಕೆ ಮೊದಲು ಮೇಲೆ ಹತ್ತಿ ಹೊಸ ಮಣ್ಣು ಹಾಕಿ ಬಡಿದು ಗಟ್ಟಿ ಮಾಡಬೇಕು, ಇಲ್ಲಾಂದ್ರೆ ರಾತ್ರಿಯೆಲ್ಲಾ ಬೋಗುಣಿ ಇಡೋದೇ ಕೆಲಸ. ‘ಮಾಳಗಿ ಸೋರ್ಲಾಕತ್ತದ’ ಅನ್ನೋದು ನಮ್ಮಲ್ಲಿ ಕವಿತೆ ಅಲ್ಲ, ಆಷಾಢದ ಸುದ್ದಿ. ಶರೀಫರು ಆ ಸುದ್ದಿಯನ್ನೇ ಎತ್ತಿಕೊಂಡು ಮನುಷ್ಯನ ದೇಹ, ಅವನ ಅಜ್ಞಾನದ ಕಡೆ ತಿರುಗಿಸಿದರು. ಮಣ್ಣಿನ ಮಾಳಗಿ ಗೊತ್ತಿಲ್ಲದಿದ್ದರೆ ಹಾಡು ಬರೀ ಚೆಂದ ಕೇಳುತ್ತೆ. ಗೊತ್ತಿದ್ದರೆ ಸ್ವಲ್ಪ ಹೆದರಿಸುತ್ತೆ.

ಈಗ ಹಾಡುವ ರೀತಿಗೆ ಬರೋಣ. ನಮ್ಮ ಕಡೆ ಅಮಾವಾಸ್ಯೆಗೋ ಶ್ರಾವಣ ಸೋಮವಾರಕ್ಕೋ ಗುಡಿಯಲ್ಲಿ ಭಜನಿ ಕೂತರೆ ಏಕತಾರಿ, ದಮ್ಮಡಿ, ತಾಳ, ಒಂದು ಹಾರ್ಮೋನಿಯಂ ಇರುತ್ತೆ. ಒಬ್ಬರು ಸಾಲು ಎತ್ತುತ್ತಾರೆ, ಉಳಿದವರು ಹಿಂದೆ ಹೇಳ್ತಾರೆ. ನಿಧಾನಕ್ಕೆ ಶುರುವಾದದ್ದು ಬರ್ತಾ ಬರ್ತಾ ಜೋರಾಗುತ್ತೆ. ಹಿಂದೆ ಹೇಳೋದಕ್ಕೆ ಒಂದು ಉಪಯೋಗ ಇದೆ: ಅಷ್ಟು ಹೊತ್ತಿನಲ್ಲಿ ಕೇಳುವವನ ತಲೆಗೆ ಅರ್ಥ ಇಳಿಯುತ್ತೆ. ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಹಾಡಿಗೆ ನಾಲ್ಕೈದು ನಿಮಿಷ. ವೇಗ ಹೆಚ್ಚುಕಡಿಮೆ ಮೊದಲೇ ನಿಗದಿ. ಮೇಳ ಹಿಂದೆ ಹೇಳಬೇಕಾದ ಜಾಗದಲ್ಲಿ ಪಿಟೀಲೋ ಗಿಟಾರೋ ಬರುತ್ತೆ. ಕಿವಿಗೆ ಹಬ್ಬ, ಅನುಮಾನವೇ ಇಲ್ಲ. ಆದರೆ ಯೋಚನೆಗೆ ಇದ್ದ ಜಾಗ ಕುಣಿತಕ್ಕೆ ಹೋಗುತ್ತೆ. ‘ಗುಡುಗುಡಿ’ಗೆ ಹೋ ಅಂತ ಕೂಗುವ ಗುಂಪಿನಲ್ಲಿ ಅದು ಒಳಗಿನ ಕೆಟ್ಟ ಗುಣ ಸುಡುವ ಮಾತು ಅಂತ ಎಷ್ಟು ಜನಕ್ಕೆ ಹೊಳೆಯುತ್ತೋ!

ಇದಕ್ಕಿಂತ ದೊಡ್ಡ ವ್ಯತ್ಯಾಸ ಧಾಟಿಯದ್ದು. ಇಲ್ಲಿ ಸ್ವಲ್ಪ ಕೆನಡಾಕ್ಕೆ ಹೋಗಿ ಬರೋಣ. ನಿಕಲ್‌ಬ್ಯಾಕ್ ಅಂತ ಅಲ್ಲಿನ ಬ್ಯಾಂಡ್, 1995ರಲ್ಲಿ ಆಲ್ಬರ್ಟಾ ಪ್ರಾಂತ್ಯದ ಹ್ಯಾನಾ ಎಂಬ ಸಣ್ಣ ಊರಲ್ಲಿ ಹುಟ್ಟಿದ್ದು. 2001ರಲ್ಲಿ ಅವರ ‘ಹೌ ಯೂ ರಿಮೈಂಡ್ ಮಿ’ ಅಮೆರಿಕದಲ್ಲಿ ನಂಬರ್ ಒನ್ ಆಯ್ತು. 2003ರಲ್ಲಿ ‘ಸಮ್‌ಡೇ’ ಬಂತು. ಯಾರೋ ಒಬ್ಬರು ಒಂದು ಹಾಡನ್ನ ಎಡ ಕಿವಿಗೆ, ಇನ್ನೊಂದನ್ನ ಬಲ ಕಿವಿಗೆ ಹಾಕಿ ಒಟ್ಟಿಗೆ ಬಿಟ್ಟರು. ಚರಣ, ಪಲ್ಲವಿ, ನಡುವಿನ ಬಿಡುವು ಎಲ್ಲಾ ಹೆಚ್ಚುಕಡಿಮೆ ಒಂದರ ಮೇಲೊಂದು ಕೂತುಬಿಟ್ಟವು. ಜನ ನಕ್ಕರು. ‘ಫಾರ್ಮುಲಾ ಬ್ಯಾಂಡ್’ ಅನ್ನೋ ಹಣೆಪಟ್ಟಿ ಗಟ್ಟಿಯಾಯ್ತು.

ನಮ್ಮ ಭಜನಿಯವರಿಗೆ ಇದನ್ನ ಕೇಳಿಸಿದರೆ ‘ಅದ್ರಾಗ ನಗೋದೇನದ?’ ಅಂದಾರು. ಒಂದೇ ಧಾಟಿಗೆ ಹತ್ತು ಪದ ಹಾಡೋದು ಅಲ್ಲಿ ಕಳ್ಳತನ ಅಲ್ಲ, ವಿದ್ಯೆ. ಕೈಬರಹದ ಭಜನಿ ಪುಸ್ತಕಗಳಲ್ಲಿ ಪದದ ತಲೆ ಮೇಲೆ ಇಂಥ ಪದದ ಧಾಟಿ ಅಂತ ಬರೆದಿರುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಧಾಟಿ ಒಂದು ಫಂಕ್ಷನ್, ಪದ ಅದಕ್ಕೆ ಕೊಡುವ ಇನ್‌ಪುಟ್. ಇಪ್ಪತ್ತು ಧಾಟಿ ಬಂದವನಿಗೆ ಓದು ಬರದಿದ್ದರೂ ಹೊಸ ಪದ ಒಂದೇ ರಾತ್ರಿಯಲ್ಲಿ ಬರುತ್ತೆ. ರಾಕ್ ರೆಕಾರ್ಡ್ ಇದನ್ನ ಉಲ್ಟಾ ಮಾಡುತ್ತೆ, ಒಂದು ಪದಕ್ಕೆ ಒಂದೇ ಟ್ಯೂನ್ ಅಂತ ಮೊಳೆ ಹೊಡೆಯುತ್ತೆ. ‘ಅಂತರಾಗ್ನಿ’ಯಿಂದ ನಮಗೆ ಎರಡು ಒಳ್ಳೆಯ ಹಾಡು ಸಿಕ್ಕವು, ಮೂರನೆಯದನ್ನ ನಾವೇ ಹಾಡಿಕೊಳ್ಳುವ ಉಪಾಯ ಸಿಗಲಿಲ್ಲ. ಅದನ್ನ ಕಲಿಸೋದು ಬ್ಯಾಂಡಿನ ಕೆಲಸವೂ ಆಗಿರಲಿಲ್ಲ ಬಿಡಿ.

ನಮಗೆ ಇದು ಯಾಕೆ ಮುಖ್ಯ ಅಂದ್ರೆ, ಶರೀಫರ ಊರು ಹಾವೇರಿ ಜಿಲ್ಲೆಯಲ್ಲಿದೆ. ನಮ್ಮ ಕಲಬುರಗಿ ಜಿಲ್ಲೆಯ ಕಡಕೋಳದಲ್ಲಿ ಮಡಿವಾಳಪ್ಪನವರು ಇದ್ದರು, ಶರೀಫರಿಗಿಂತ ಹಿರಿಯರು. ಅವರ ಶಿಷ್ಯರಲ್ಲಿ ಚೆನ್ನೂರ ಜಲಾಲಸಾಹೇಬರು, ಖೈನೂರ ಕೃಷ್ಣಪ್ಪ ಇದ್ದರು. ಗೋವಿಂದಭಟ್ಟರು ಮತ್ತು ಶರೀಫರ ಗುರುಶಿಷ್ಯ ಸಂಬಂಧವನ್ನ ನಾಡೆಲ್ಲಾ ಹೊಗಳುತ್ತೆ, ಮಡಿವಾಳಪ್ಪ ಮತ್ತು ಜಲಾಲಸಾಹೇಬರದ್ದು ನಮ್ಮ ಹಾಸ್ಟೆಲಿನಲ್ಲೇ ಹೆಚ್ಚಿನವರಿಗೆ ಗೊತ್ತಿಲ್ಲ. ಇವರ ಪದಗಳು ಪ್ರಿಂಟ್ ಆಗಿವೆ. ತತ್ವಪದಗಳ ಸಂಪುಟಗಳನ್ನ ಕನಕದಾಸ ಅಧ್ಯಯನ ಕೇಂದ್ರ ತಂದಿದೆ, ಅಲ್ಲಿ ಹುಡುಕಬಹುದು. ಪುಸ್ತಕದಲ್ಲಿ ಅಕ್ಷರ ಉಳೀತದೆ, ಧಾಟಿ ಉಳಿಯಲ್ಲ. ಅದು ಇರೋದು ಅರವತ್ತು ಎಪ್ಪತ್ತು ದಾಟಿದವರ ಗಂಟಲಲ್ಲಿ.

ಚಿಂಚೋಳಿ, ವಾಡಿ ಕಡೆಯವರು ಈ ರಜೆಗೆ ಊರಿಗೆ ಹೋದಾಗ ಒಂದು ಅಮಾವಾಸ್ಯೆ ರಾತ್ರಿ ಕೂತು ನೋಡಿ. ಹಿರಿಯರನ್ನ ಮೊದಲು ಕೇಳಿ, ಆಮೇಲೆ ಫೋನನ್ನ ಏಕತಾರಿ ಹತ್ತಿರ ಇಡಿ. ದಮ್ಮಡಿ ಹತ್ತಿರ ಇಟ್ಟರೆ ಆವಾಜ್ ಒಡೆಯುತ್ತೆ. ಪೂರ್ತಿ ಪದ ಬೇಕು, ರೀಲ್ಸ್ ಅಳತೆಯ ತುಂಡು ಬೇಡ. ಪದ ಯಾರದ್ದು, ಸಾಲು ಎತ್ತಿದವರು ಯಾರು, ಇದೇ ಧಾಟಿಗೆ ಇನ್ಯಾವ ಪದ ಹಾಡ್ತಾರೆ ಅನ್ನೋದನ್ನ ಅಲ್ಲೇ ಬರೆದುಕೊಳ್ಳಿ. ಈ ಮೂರನೆಯ ಪ್ರಶ್ನೆಗೆ ಉತ್ತರ ಕೇಳಿದರೆ ಅವರು ಬಾಯಲ್ಲಿ ಹೇಳಲ್ಲ, ಹಾಡಿಯೇ ತೋರಿಸ್ತಾರೆ. ಅದಕ್ಕೇ ರೆಕಾರ್ಡಿಂಗ್ ಆಫ್ ಮಾಡಬೇಡಿ.